ನಿಂತಲ್ಲೇ ಉರಿದ ಪೆಟ್ರೋಲು

ಮೊನ್ನೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರುವಾಗ ಗಾಂಧಿ ಚೌಕದ ಗದ್ದಲದಲ್ಲಿ ಮೊಮ್ಮಗನ ಹೊಸ ಕಾರು ತಟ್ಟನೆ ಸುಮ್ಮನಾಯಿತು. ಮುಂದೆ ಆಟೋಗಳು, ಹಿಂದೆ ಟೆಂಪೋ, ಪಕ್ಕದಲ್ಲಿ ಬಾಳೆಹಣ್ಣಿನ ಕೈಗಾಡಿ. ನಡುವೆ ನಮ್ಮ ಗಾಡಿಯೊಂದೇ ಉಸಿರು ನಿಂತಂತೆ. ಬಂದ್ ಬಿತ್ತಲ್ಲೋ, ಲಗೂನ ಚಾಲೂ ಮಾಡು ಎಂದು ಅವನ ಭುಜ ಹಿಡಿದು ಅಲುಗಾಡಿಸಿದೆ. ಅವನು ನಕ್ಕ. ನಿಂತಾಗ ಅದು ತಾನೇ ಬಂದ್ ಆಗುತ್ತದಂತೆ, ಹೊರಡುವಾಗ ತಾನೇ ಚಾಲೂ ಆಗುತ್ತದಂತೆ, ಪೆಟ್ರೋಲು ಉಳಿಯುತ್ತದಂತೆ. ಅವನ ಮುಂದೆ ಒಂದು ಗಾಜಿನ ಪಟ್ಟಿಯಲ್ಲಿ ಲೀಟರಿಗೆ ಎಷ್ಟು ಓಡಿತು ಎಂಬ ಅಂಕಿಯೂ ಕಾಣುತ್ತದೆ. ಜೋರಾಗಿ ತುಳಿದರೆ ಇಳಿಯುತ್ತದೆ, ಸಾವಕಾಶ ಹೋದರೆ ಏರುತ್ತದೆ. ಕಂಪನಿಯವರು ಹೇಳಿದ ಅಂಕಿ ಒಂದು, ತನಗೆ ಸಿಗುವುದು ಇನ್ನೊಂದು ಎಂದು ಅವನ ದೂರು. ಆ ಪಟ್ಟಿಯನ್ನು ನನ್ನ ಅಪ್ಪ ನೋಡಿದ್ದರೆ ಅದಕ್ಕೊಂದು ಊದಿನಕಡ್ಡಿ ಬೆಳಗುತ್ತಿದ್ದನೋ ಏನೋ.

ನಮ್ಮದು ಕೂತಲ್ಲಿ ಕೂರದ ವಂಶ. ಇಷ್ಟು ಬರೆಯುವುದರೊಳಗೆ ನಾನು ಎರಡು ಸಲ ಎದ್ದು ಹೋಗಿ, ಒಲೆಯ ಮೇಲೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಂದಿದ್ದೇನೆ. ಇದು ಅಪ್ಪನಿಂದ ಬಂದ ಆಸ್ತಿ. ಸ್ಟೇಷನ್ ರಸ್ತೆಯ ಹತ್ತಿರ ನಮ್ಮ ಮನೆ, ಅಪ್ಪನದು ಹತ್ತಿ ಮತ್ತು ಶೇಂಗಾದ ಅಡತಿ, ಅಂದರೆ ದಲ್ಲಾಳಿ ವ್ಯಾಪಾರ. ಅವನು ಅರ್ಧ ಊಟ ನಿಂತೇ ಮಾಡುತ್ತಿದ್ದ. ರೈಲು ಬರುವ ಎಷ್ಟೋ ಹೊತ್ತಿನ ಮೊದಲೇ ಸ್ಟೇಷನ್ನಿಗೆ ಹೋಗಿ, ಆಮೇಲೆ ರೈಲು ತಡವಾಯಿತೆಂದು ಬೈಯುತ್ತಿದ್ದ. ಇಂಥವನ ಕೈಗೆ, ವರ್ಗವಾಗಿ ಹೊರಟಿದ್ದ ಸಾಹೇಬನೊಬ್ಬನ ಹಳೇ ಕಾರು ಸಿಕ್ಕಿತು. ಮಂಗನ ಕೈಗೆ ಮಾಣಿಕ್ಯ ಅಂದರೆ ಹೆತ್ತ ತಂದೆಯನ್ನು ಅಂದಂತಾಗುತ್ತದೆ, ಅದಕ್ಕೇ ಅನ್ನುವುದಿಲ್ಲ. ಮೊದಮೊದಲು ಟಾಂಗಾದ ಕುದುರೆಯ ಜೊತೆಗೂ ಅವನು ಪಂದ್ಯ ಹೂಡುತ್ತಿದ್ದ. ಒಮ್ಮೆ ದಬಾಯಿಸಿ ತುಳಿಯುವುದು, ಮರುಕ್ಷಣ ಬ್ರೇಕಿನ ಮೇಲೆ ನಿಲ್ಲುವುದು. ಹಿಂದೆ ಕೂತ ನಾನು, ಅವ್ವ, ಅಕ್ಕ ಮೊರದಲ್ಲಿ ಹಾಕಿದ ಜೋಳದಂತೆ ಹಾರಾಡುತ್ತಿದ್ದೆವು. ಗಾಡಿ ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಆಮೇಲೆ ಮಹಾಯುದ್ಧ ಬಂತು. ಪೆಟ್ರೋಲಿಗೆ ಕಚೇರಿಯಿಂದ ಚೀಟಿ ತರಬೇಕಾಯಿತು, ಚೀಟಿಯಲ್ಲಿ ಬರೆದಷ್ಟೇ ಪೆಟ್ರೋಲು. ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟದ್ದೂ ಅದೇ ವರ್ಷಗಳಲ್ಲಿ. ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು, ಕೂಸು ಹುಟ್ಟಿತು, ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಅಕ್ಕ ಬರಿಗೈಯಲ್ಲಿ ಗಂಡನ ಮನೆಗೆ ಹೋದಳು. ಹೋದವಳು ಮಾತು ಬಿಟ್ಟಳು, ಊಟ ಬಿಟ್ಟಳು. ಗಂಡನ ಮನೆಯವರು ಒಳ್ಳೆಯವರೇ, ಆದರೆ ಅವರು ಬಡಿಸಿದ್ದನ್ನು ಅಕ್ಕ ಬೆರಳಲ್ಲಿ ಕಲಸಿ ಹಾಗೇ ಬಿಟ್ಟು ಏಳುತ್ತಿದ್ದಳು. ಅವ್ವ ಹೋಗಿ ತೊಡೆಗೆ ತೊಡೆ ಹಚ್ಚಿ ಕೂತು, ತಲೆ ಬಾಚಿ, ತುತ್ತು ಮಾಡಿ ಕೊಟ್ಟರೆ ಮಾತ್ರ ಅಷ್ಟಿಷ್ಟು ಗಂಟಲಲ್ಲಿ ಇಳಿಯುತ್ತಿತ್ತು. ಇದ್ದಲಿನ ಹೊಗೆಯಿಂದ ಓಡುತ್ತಿದ್ದ ಆಗಿನ ಮೋಟಾರು ಬಸ್ಸುಗಳನ್ನು ನಂಬಿ ಹೊರಡುವಂತಿರಲಿಲ್ಲ. ಆದ್ದರಿಂದ ಚೀಟಿಯ ಪೆಟ್ರೋಲು ಬಬಲೇಶ್ವರಕ್ಕೆ ಹೋಗಿ ಬರಲು ಸಾಲುತ್ತದೋ ಇಲ್ಲವೋ ಎಂಬುದು ಅವ್ವನಿಗೆ ಗಾಡಿಯ ಮಾತಾಗಿರಲಿಲ್ಲ, ಮಗಳು ಬದುಕುತ್ತಾಳೋ ಇಲ್ಲವೋ ಎಂಬ ಮಾತಾಗಿತ್ತು.

ಅಪ್ಪ ಆಗ ಪೆಟ್ರೋಲು ಉಳಿಸುವ ವ್ರತ ಹಿಡಿದ. ಚಪ್ಪಲಿ ಹಾಕಿದ ಕಾಲಿಗೆ ಸೊಕ್ಕು ಜಾಸ್ತಿ, ಎಷ್ಟು ತುಳಿದೆ ಎಂದು ತಿಳಿಯುವುದಿಲ್ಲ ಎಂದು ಬರಿಗಾಲಲ್ಲಿ ಗಾಡಿ ಹೊಡೆಯತೊಡಗಿದ. ಆ ಚಪ್ಪಲಿ ಕಾಯುವ ಕೆಲಸ ನನ್ನದು. ಗಾಲಿಗೆ ಗಾಳಿ ಕಡಿಮೆಯಿದ್ದರೆ ಹೊರಡುತ್ತಿರಲಿಲ್ಲ. ಕಿಟಕಿಯಾಚೆ ಕೈ ಚಾಚಿದರೆ ಗಾಳಿಗೆ ಅಡ್ಡವಾಗುತ್ತದೆ ಎಂದು ಗದರುತ್ತಿದ್ದ, ಅವ್ವನ ರೊಟ್ಟಿಗಂಟನ್ನೂ ತೂಗಿ ನೋಡುವವನಂತೆ ಎತ್ತಿ ಇಡುತ್ತಿದ್ದ. ದೂರದಲ್ಲಿ ಎಮ್ಮೆ ಕಂಡರೆ ಅಲ್ಲಿಂದಲೇ ಕಾಲೆತ್ತಿ ಗಾಡಿಯನ್ನು ತಾನಾಗಿ ನಿಧಾನಕ್ಕೆ ಬಿಡುತ್ತಿದ್ದ, ಬ್ರೇಕು ಒತ್ತಿದರೆ ಅಷ್ಟು ಪೆಟ್ರೋಲನ್ನು ನೆಲಕ್ಕೆ ಚೆಲ್ಲಿದಂತೆ ಅನ್ನುತ್ತಿದ್ದ. ದಾರಿಯ ಮೊದಲ ಊರು ತೊರವಿ ದಾಟುವುದರೊಳಗೆ ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಸಾವಕಾಶ ಹೋಗುವುದು ಅವನ ಹುಟ್ಟುಗುಣಕ್ಕೆ ಎಂಥ ಶಿಕ್ಷೆಯೆಂದರೆ, ಬರಿಗಾಲು ಕದಲದಿದ್ದರೂ ಮೊಣಕಾಲು ಮಾತ್ರ ದಾರಿಯುದ್ದಕ್ಕೂ ಕುಣಿಯುತ್ತಲೇ ಇರುತ್ತಿತ್ತು.

ಬಬಲೇಶ್ವರಕ್ಕೆ ನೇರ ದಾರಿ ಬೇರೆ ಇತ್ತು. ಆದರೆ ಟಿಕೋಟಾದಲ್ಲಿ ಅಪ್ಪನ ಅಕ್ಕ ಇದ್ದಳು, ನಮ್ಮ ಅತ್ತೆ. ಅವಳನ್ನು ಕಾಣದೆ ಹೋದರೆ ಮುಂದಿನ ದೀಪಾವಳಿಯವರೆಗೂ ಮಾತು ಕೇಳಬೇಕು. ಹಾಗಾಗಿ ಪೆಟ್ರೋಲು ಉಳಿಸುವ ನಾವು ಸುತ್ತು ಹೊಡೆದೇ ಹೋಗುತ್ತಿದ್ದೆವು, ಅದರ ಬಗ್ಗೆ ಅಪ್ಪನಲ್ಲಿ ಯಾವ ಸಿದ್ಧಾಂತವೂ ಇರಲಿಲ್ಲ. ಅತ್ತೆಯ ಓಣಿಯ ತಿರುವಿನಲ್ಲೇ ಅವನು ಎಂಜಿನ್ನು ಬಂದ್ ಮಾಡಿ, ಉರುಳುವ ರಭಸದಲ್ಲೇ ಗಾಡಿಯನ್ನು ಅವಳ ಕಟ್ಟೆಗೆ ತಂದು ನಿಲ್ಲಿಸಿ, ಚಹಾ ಕುಡಿಯುತ್ತಾ ಬ್ರೇಕಿನ ಮೇಲೆ ಪ್ರವಚನ ಕೊಡುತ್ತಿದ್ದ. ಅತ್ತೆ ಒಮ್ಮೆ ಅಂದದ್ದು ನನಗಿನ್ನೂ ನೆನಪಿದೆ: "ತಮ್ಮಾ, ನೀ ಇಷ್ಟ ಸಾವಕಾಶ ಆಗಾಕ ಒಂದ್ ಯುದ್ಧನ ಬೇಕಾತ ನೋಡು."

ಟಿಕೋಟಾ ಬಿಟ್ಟು ಮುಂದೆ ಡೋಣಿ ಹೊಳೆಯ ಕಡೆಗೆ ಇಳಿಜಾರು ಬಂದರೆ ಮತ್ತೆ ಎಂಜಿನ್ನು ಬಂದ್. ಎರಡೂ ಕಡೆ ಕಪ್ಪು ಹೊಲ, ಜೋಳದ ಸಪ್ಪಳ, ಗಾಲಿಯ ಕೆಳಗೆ ಖಡಿಕಲ್ಲು ಕರಕರ ಅನ್ನುವುದು. ಇಳುಕಲಿನ ತಳದಲ್ಲಿ ಗೇರು ಹಾಕಿದರೆ ಗಾಡಿ ಒಮ್ಮೆ ಜಗ್ಗಿ ತಾನೇ ಚಾಲೂ ಆಗುತ್ತಿತ್ತು. ಆ ಪ್ರಯಾಣದಲ್ಲಿ ನನಗೆ ಬಹಳ ಇಷ್ಟವಾದದ್ದು ಅದೊಂದೇ.

ಇಷ್ಟೆಲ್ಲ ಉಳಿಸಿದ ಅಪ್ಪ ಬಬಲೇಶ್ವರದಲ್ಲಿ, ಅಕ್ಕನ ಬಾಗಿಲಲ್ಲಿ ಮಾತ್ರ ಎಂಜಿನ್ನು ಬಂದ್ ಮಾಡುತ್ತಿರಲಿಲ್ಲ, ಗಾಡಿಯಿಂದ ಇಳಿಯುತ್ತಲೂ ಇರಲಿಲ್ಲ. ಮಗಳಿಗೆ ಮಕ್ಕಳಾಗುವವರೆಗೆ ಅವಳ ಗಂಡನ ಮನೆಯಲ್ಲಿ ತಂದೆಯಾದವನು ನೀರು ಕುಡಿಯಬಾರದು ಎಂಬುದು ನಮ್ಮ ಕಡೆಯ ರೂಢಿ. ತಾಯಂದಿರಿಗೆ ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲವೆಂದು ಕಾಣುತ್ತದೆ. ಆದರೆ ನೀರು ಕುಡಿಯಬಾರದು ಅಂದರೆ ಇಳಿಯಲೇಬಾರದು ಎಂದಲ್ಲವಲ್ಲ. ಅವ್ವ ಒಳಗೆ ಹೋಗಿ ಬರುವವರೆಗೂ ಗಾಡಿ ಬಾಗಿಲೆದುರು ಡುಗುಡುಗು ಅನ್ನುತ್ತಾ ಹೊಗೆ ಬಿಡುತ್ತಾ ನಿಂತಿರುತ್ತಿತ್ತು. ನಮ್ಮಲ್ಲಿ ಹೊರಡುವುದೆಂದರೆ ಎಂಥ ಕೆಲಸವೆಂದು ನಿಮಗೂ ಗೊತ್ತು. ಉಡಿ ತುಂಬಬೇಕು, ಕುಂಕುಮ ಹಚ್ಚಬೇಕು, ಎದ್ದವರು ಮತ್ತೆ ಕೂರಬೇಕು. ಹೊಸ್ತಿಲಲ್ಲಿ ಒಂದು ಮಾತು, ಕಟ್ಟೆಯ ಮೇಲೆ ಒಂದು ಮಾತು, ಒಂದು ಕಾಲು ಗಾಡಿಯಲ್ಲಿಟ್ಟ ಮೇಲೆ ನಿಜವಾದ ಮಾತು. ಅಷ್ಟು ಹೊತ್ತೂ ಪೆಟ್ರೋಲು ಉರಿಯುತ್ತಿತ್ತು, ಅಪ್ಪ ನಡುನಡುವೆ ಹಾರ್ನು ಒತ್ತುತ್ತಿದ್ದ.

ಯಾಕೆಂದು ಕೇಳಿದರೆ, ಗಾಡಿ ಚಾಲೂ ಮಾಡಲು ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸುವಾಗ ಅದು ಒದ್ದು ಕೈ ಮುರಿಯುತ್ತದೆ ಎನ್ನುತ್ತಿದ್ದ. ಟಿಕೋಟಾದಲ್ಲಿ ಒದೆಯದ ಹ್ಯಾಂಡಲ್ ಬಬಲೇಶ್ವರದಲ್ಲಿ ಹೇಗೆ ಒದೆಯುತ್ತದೆ ಎಂದು ಕೇಳುವಷ್ಟು ಬುದ್ಧಿ ನನಗೆ ಬಂದಿರಲಿಲ್ಲ. ಮನೆಗೆ ಬಂದು ಪೆಟ್ರೋಲ್ ಟಾಕಿಯೊಳಗೆ ಕೋಲು ಇಳಿಸಿ ನೋಡಿ, ಇಷ್ಟು ಸಾವಕಾಶ ಬಂದರೂ ಪೆಟ್ರೋಲೆಲ್ಲ ಎಲ್ಲಿ ಹೋಯಿತು ಎಂದು ಅಂಗಳದಲ್ಲಿ ಸುತ್ತುತ್ತಿದ್ದ. ಒಮ್ಮೆ ಎಲ್ಲೋ ಸೋರುತ್ತಿರಬೇಕೆಂದು ಗಾಡಿಯ ಕೆಳಗೆ ಅವ್ವ ಹಿಟ್ಟು ಕಲಸುವ ಪರಾತ ಇಟ್ಟ. ಬೆಳಿಗ್ಗೆ ಅದರಲ್ಲಿ ಬೆಕ್ಕು ಮಲಗಿತ್ತು.

ಹೀಗಿರುವಾಗ ಚೀಟಿ ಅರ್ಧಕ್ಕೆ ಇಳಿಯಿತು. ಇನ್ನು ಬಬಲೇಶ್ವರ ಆಗುವುದಿಲ್ಲ ಎಂದು ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವ್ವನ ಮುಖ ನೋಡದೆ ಹೇಳಿದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿದಳು.

"ಗಾಡಿ ಓಡಿ ತಿನ್ನೂದಕಿಂತ ಆಕಿ ಬಾಗಲದಾಗ ನಿಂತು ತಿಂತೈತಿ. ಅಲ್ಲಿ ಬಂದ್ ಮಾಡ್ರಿ. ಹೋಗಿ ಬರಾಕ ಸಾಲತೈತಿ."

ಅಪ್ಪ ಅಂಗಳಕ್ಕೆ ಹೋದ, ಬಂದ, ಮತ್ತೆ ಹೋದ. ಆಮೇಲೆ ಮೆಲ್ಲಗೆ ಕೇಳಿದ: "ಮತ್ತ ಚಾಲೂ ಆಗದಿದ್ರ?"

"ಆಗದಿದ್ರ ಅಲ್ಲೇ ಇರೂದು. ಮಗಳ ಮನಿ ಐತಿ."

ಅಪ್ಪನ ಮುಖ ಯಾಕೆ ಅಷ್ಟು ಬಿಳಿಚಿತು ಎಂದು ನನಗೆ ತಿಳಿಯಲಿಲ್ಲ. ನನಗೋ, ಮಗ್ಗಿ ಒಪ್ಪಿಸಲಾಗದೆ ನಿಂತ ಹುಡುಗನಂತೆ ಅಪ್ಪ ಸಿಕ್ಕಿಬಿದ್ದನೆಂದು ಒಳಗೊಳಗೇ ನಗು.

ಆ ಸಲ ಅಕ್ಕನ ಬಾಗಿಲಲ್ಲಿ ಗಾಡಿ ನಿಂತಿತು, ಅಪ್ಪ ಎಂಜಿನ್ನು ಬಂದ್ ಮಾಡಿದ. ಒಳಗೆ ಯಾರೋ ಬೀಸುತ್ತಿದ್ದ ಕಲ್ಲಿನ ಸದ್ದು ಮೊದಲ ಸಲ ನಮಗೆ ಕೇಳಿಸಿತು. ಅವ್ವ ಒಳಗೆ ಹೋದಳು. ಅಪ್ಪನಿಂದ ಕೂರಲಾಗಲಿಲ್ಲ. ಇಳಿದ, ಗಾಡಿಯ ಸುತ್ತ ತಿರುಗಿದ, ಬಾನೆಟ್ಟು ತೆಗೆದ, ಮುಚ್ಚಿದ. ಸೂರ್ಯನನ್ನು ನೋಡಿದ, ಬಾಗಿಲನ್ನು ನೋಡಿದ. ಕೊನೆಗೆ ಹ್ಯಾಂಡಲ್ ಹಿಡಿದುಕೊಂಡು ಗಾಡಿಯ ಮೂತಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅವನನ್ನು ನೋಡಿ ನನಗೂ ತಳಮಳ ಶುರುವಾಗಿ, ನಾನು ಹಿಂದಿನ ಸೀಟಿನಲ್ಲಿ ಈ ತುದಿಯಿಂದ ಆ ತುದಿಗೆ ಸರಿಯುತ್ತಿದ್ದೆ.

ಉಡಿ ತುಂಬಿಸಿಕೊಂಡು ಅವ್ವ ಹೊರಗೆ ಬಂದು ಗಾಡಿಯಲ್ಲಿ ಕೂತಳು. ಅಕ್ಕ ಕಿಟಕಿಗೆ ಬಗ್ಗಿದಳು. ಗಾಡಿಯ ಮೂತಿಯ ಮುಂದೆ ಕುಕ್ಕರಿಸಿದ್ದ ಅಪ್ಪ ಅವಳಿಗೆ ಕಾಣಲಿಲ್ಲ.

"ಇವತ್ತ ಗಾಡಿ ಬಂದ್ ಮಾಡ್ಯಾನಲ್ಲವ್ವಾ ಅಪ್ಪ," ಎಂದಳು. "ಸಿಟ್ಟ ಇಳೀತೇನು?"

ಯಾರ ಸಿಟ್ಟು, ಎಂಥ ಸಿಟ್ಟು ಎಂದು ಅವ್ವ ಕೇಳಿದಳು.

"ಕೂಸ ಉಳಿಸಿಕೊಳ್ಳಲಿಲ್ಲಂತ ನನ್ನ ಮ್ಯಾಲ ಸಿಟ್ಟ ಐತಿ ಅಂವಗ. ಅದಕ್ಕ ನನ್ನ ಬಾಗಲದಾಗ ಇಳಿಯೂದುಲ್ಲ. ಯಾವಾಗ ಹೋದೇನು ಅಂತ ಗಾಡಿ ಚಾಲೂ ಇಟ್ಟಿರತಾನ."

ಇಷ್ಟು ತಿಂಗಳು ಎಂಜಿನ್ನಿನ ಸದ್ದಿನಲ್ಲಿ ಇಂಥ ಮಾತನ್ನು ಯಾರು ಆಡಿದ್ದರೂ ಯಾರಿಗೂ ಕೇಳುತ್ತಿರಲಿಲ್ಲ. ಅಪ್ಪ ಎದ್ದು ನಿಂತ. ಕೈಯಲ್ಲಿ ಹ್ಯಾಂಡಲ್ ಹಾಗೇ ಇತ್ತು.

"ಸಿಟ್ಟಲ್ಲ ಯವ್ವಾ," ಎಂದ. "ಅಂಜಿಕಿ. ಅವತ್ತ ಗಾಡಿ ಚಾಲೂ ಆಗಲಿಲ್ಲ. ಪೆಟ್ರೋಲ್ ಉಳಸಾಕ ಹೋಗಿ ಚಿಮಣಿ ಎಣ್ಣಿ ಬೆರಸಿದ್ದೆ ನಾ. ನೀ ಇರೂ ಕಡೆ ಗಾಡಿ ಬಂದ್ ಮಾಡಾಕ ನನಗ ಕೈ ಬರೂದುಲ್ಲ."

ಆ ಬೆಳಗು ನನಗೆ ನೆನಪಿತ್ತು, ಅರ್ಥವಾಗಿರಲಿಲ್ಲ. ಕೂಸು ಹಾಲು ಬಿಟ್ಟು ನೀಲಿಗಟ್ಟಿದಾಗ ಅಪ್ಪ ಡಾಕ್ಟರನ್ನು ಕರೆತರಲು ಓಡಿದ್ದ. ಹ್ಯಾಂಡಲ್ ತಿರುಗಿಸಿದ, ತಿರುಗಿಸಿದ, ಗಾಡಿ ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಸೀಮೆಎಣ್ಣೆ ಬೆರೆಸಿದ ಪೆಟ್ರೋಲು ಬಿಸಿಯಾದ ಎಂಜಿನ್ನಿನಲ್ಲಿ ಹೇಗೋ ಓಡುತ್ತದೆ, ತಣ್ಣಗಿರುವಾಗ ಹತ್ತಿಕೊಳ್ಳುವುದಿಲ್ಲ. ಕೊನೆಗೆ ಟಾಂಗಾ ಹಿಡಿದು ಹೋಗಿ ಡಾಕ್ಟರನ್ನು ಕರೆತಂದಾಗ ಮಾಡುವಂಥದೇನೂ ಉಳಿದಿರಲಿಲ್ಲ. ಮೊದಲೇ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಅಪ್ಪ ಅದನ್ನು ನಂಬಲಿಲ್ಲ. ಅವತ್ತಿನಿಂದ ಎಣ್ಣೆ ಬೆರೆಸುವುದನ್ನು ಬಿಟ್ಟ, ಯಾಕೆಂದು ಯಾರಿಗೂ ಹೇಳಲಿಲ್ಲ. ಅವ್ವನಿಗೆ ಗೊತ್ತಿತ್ತೇ? ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಆಡಿದ ಮಾತನ್ನು ನೆನೆದರೆ ಗೊತ್ತಿತ್ತು ಅನ್ನಿಸುತ್ತದೆ.

ಅಕ್ಕ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಅವಳ ಗಂಡನ ತಾಯಿ ಹೊಸ್ತಿಲವರೆಗೆ ಬಂದು ನಿಂತಿದ್ದರು.

"ಕುಡಿಯೂದುಲ್ಲ, ಗೊತ್ತೈತಿ," ಎಂದಳು ಅಕ್ಕ. "ಮಾರಿನಾರ ತೊಳಕೋ ಯಪ್ಪಾ."

ಅಪ್ಪ ಹ್ಯಾಂಡಲ್ ಕೆಳಗಿಟ್ಟು ಎರಡೂ ಕೈಯಲ್ಲಿ ತಂಬಿಗೆ ಇಸಕೊಂಡ.

"ಕೂಸ ಹುಟ್ಟಿತ್ತಲ್ಲ ಯವ್ವಾ ನಿನಗ," ಎಂದ. "ಕುಡೀಬಹುದು ನಾ."

ತಲೆಯೆತ್ತಿ ಗಟಗಟನೆ ತಂಬಿಗೆ ಬರಿದು ಮಾಡಿದ. ಅಕ್ಕ ಕಟ್ಟೆಯ ಮೇಲೆ ಕುಸಿದು ಕೂತು ಅಳತೊಡಗಿದಳು. ಕೂಸು ಹೋದ ಮೇಲೆ ಅವಳು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಅವ್ವ ಗಾಡಿಯಿಂದ ಇಳಿದು ಹೋಗಿ ಪಕ್ಕದಲ್ಲಿ ಕೂತಳು, ಸುಮ್ಮನಿರು ಎನ್ನಲಿಲ್ಲ. ಅಪ್ಪ ಒಳಗೆ ಹೋಗಿ ಕಂಬಕ್ಕೆ ಒರಗಿ ಕೂತ, ಹೊತ್ತು ಇಳಿಯುವವರೆಗೆ ಏಳಲಿಲ್ಲ. ಅಕ್ಕ ಅವನಿಗೆ ರೊಟ್ಟಿ ಹಾಕಿ, ತಾನೂ ಒಂದು ಮುರಿದು ತಿಂದಳು. ಗಾಡಿಗೆ ಹ್ಯಾಂಡಲ್ ಎಷ್ಟು ಸಲ ತಿರುಗಿಸಬೇಕಾಯಿತೋ ನೆನಪಿಲ್ಲ, ಯಾರಿಗೂ ಅವಸರವಿರಲಿಲ್ಲ. ಅರ್ಧ ಚೀಟಿಯ ಪೆಟ್ರೋಲು ಆ ತಿಂಗಳಿಗೂ ಸಾಲಿತು, ಮುಂದಿನ ತಿಂಗಳಿಗೂ ಸಾಲಿತು. ಅಕ್ಕನಿಗೆ ಆಮೇಲೆ ಮೂವರು ಮಕ್ಕಳಾದರು. ಅವಳು ಹೋಗಿಯೇ ಈಗ ಬಹಳ ವರ್ಷವಾಯಿತು.

ಮೊಮ್ಮಗನ ಹೆಂಡತಿ ನಮ್ಮ ಮನೆಗೆ ಹೊಸಬಳು. ಯಾರು ಯಾರ ಮಕ್ಕಳು ಎಂದು ನನ್ನನ್ನು ಕೇಳಿ ತಿಳಿದುಕೊಳ್ಳುತ್ತಿರುತ್ತಾಳೆ. ನಿನ್ನೆ ಸಂಜೆ ಅವಳು ಬಬಲೇಶ್ವರದ ದೊಡ್ಡಜ್ಜಿಗೆ, ಅಂದರೆ ನಮ್ಮ ಅಕ್ಕನಿಗೆ, ಮಕ್ಕಳೆಷ್ಟು ಎಂದು ಕೇಳಿದಳು. ಇಷ್ಟು ವರ್ಷ ಯಾರು ಕೇಳಿದರೂ ನಾನು ಮೂರು ಎನ್ನುತ್ತಾ ಬಂದವಳು. ನಿನ್ನೆ ನಾಲ್ಕು ಎಂದೆ. ಅವಳು ತನಗೆ ಗೊತ್ತಿದ್ದ ಮೂವರ ಹೆಸರು ಹೇಳಿ, ಇನ್ನೊಬ್ಬರ ಹೆಸರೇನು ಎಂದಳು. ಮೊದಲನೆಯದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ ಎಂದು ಹೇಳಿದೆ.