ಬೆಳ್ಳಿ ಬಣ್ಣದ ಔಟರ್ ಸಿಗ್ನಲ್

ಹುಬ್ಬಳ್ಳಿಯಲ್ಲಿ ಜಗತ್ತಿನಲ್ಲೇ ಉದ್ದನೆಯ ಪ್ಲಾಟ್‌ಫಾರ್ಮ್ ಇದೆ. ಅದರ ಒಂದು ತುದಿಯಲ್ಲಿ ಇಳಿದು ಇನ್ನೊಂದು ತುದಿಗೆ ನಡೆದು ಬಂದವರು ಅರ್ಧ ಊರು ನೋಡಿದೆವು ಎಂದು ಧೈರ್ಯವಾಗಿ ಹೇಳಿಕೊಳ್ಳಬಹುದು. ಮೇಲೆ ಕರೆಂಟಿನ ತಂತಿ, ಕೆಳಗೆ ಜೋಡಿ ಹಳಿ, ಬಣ್ಣಬಣ್ಣದ ದೀಪ, ಈಗಷ್ಟೇ ಮುಖ ತೊಳೆದು ಬಂದಂತಿರುವ ಬಿಳಿ ರೈಲು. ಇಷ್ಟೆಲ್ಲ ಪ್ರಗತಿಯನ್ನು ದಾಟಿ, ಧಾರವಾಡವನ್ನೂ ದಾಟಿ, ಒಂಟಿ ಹಳಿಯ ಮೇಲೆ ಇನ್ನಷ್ಟು ಮುಂದೆ ಬಂದರೆ ನಮ್ಮ ಸಣ್ಣ ಸ್ಟೇಶನ್ ಸಿಗುತ್ತದೆ. ಅಲ್ಲಿ ಇವತ್ತಿಗೂ ರೈಲಿಗೆ ದಾರಿ ಬಿಡುವುದು ಕೈಮರ. ಎತ್ತರದ ಕಂಬ, ಅದರ ತುದಿಯಲ್ಲಿ ಕೆಂಪು ಬಣ್ಣದ ಒಂದು ಕೈ. ಕೈ ಅಡ್ಡ ಚಾಚಿಕೊಂಡಿದ್ದರೆ ರೈಲು ನಿಲ್ಲಬೇಕು, ಕೆಳಗೆ ಬಾಗಿದರೆ ಬರಬಹುದು. ಸ್ಟೇಶನ್ನಿಗೆ ಬರುವ ಗಾಡಿಗೆ ಎಲ್ಲಕ್ಕಿಂತ ಮೊದಲು, ದೂರದಲ್ಲಿ ಸಿಗುವ ಕೈಮರಕ್ಕೆ ಔಟರ್ ಎನ್ನುತ್ತಾರೆ. ಆ ಕೈಗೆ ಕಟ್ಟಿದ ತಂತಿ ಹಳಿಯ ಪಕ್ಕದಲ್ಲಿ, ಬಾವಿಯ ಗಡಗಡಿಯಂತಹ ಸಣ್ಣ ಸಣ್ಣ ಗಾಲಿಗಳ ಮೇಲೆ ಹಾದು, ಸ್ಟೇಶನ್ ಮಹಡಿಯ ಕ್ಯಾಬಿನ್ನಿನೊಳಗೆ ಲಿವರ್ ಎನ್ನುವ ಉಕ್ಕಿನ ಸನ್ನೆಗೆ ಬಂದು ಸೇರುತ್ತದೆ. ಆ ಲಿವರ್ ಜಗ್ಗುವವಳು ನಾನು. ನೇಮಕದ ಆದೇಶದಲ್ಲಿ ಮಾತ್ರ ನನ್ನನ್ನು ‘ಲಿವರ್‌ಮನ್’ ಎಂದು ಬರೆದಿದ್ದಾರೆ.

ಮುಂದಿನ ವರ್ಷ ಇದನ್ನೆಲ್ಲ ಕಿತ್ತು ದೀಪ ಹಾಕುತ್ತಾರೆ ಎಂದು ನಾನು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು. ಆ ಮುಂದಿನ ವರ್ಷ ನಮ್ಮ ಲೈನಿನಲ್ಲಿ ಇನ್ನೂ ಔಟರ್ ದಾಟಿ ಒಳಗೆ ಬಂದಿಲ್ಲ. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಕ್ಯಾಮೆರಾ ಹಿಡಿದ ಹುಡುಗರು ಭಾನುವಾರ ಬಂದು ಕೈಮರದ ಕೆಳಗೆ ನಿಂತು ರೀಲ್ಸ್ ಮಾಡುತ್ತಾರೆ. “ಎಷ್ಟ ಚಂದ ಐತ್ರಿ ಅಕ್ಕಾರ, ಇದನ್ನ ತಗೀಬಾರದು ನೋಡ್ರಿ,” ಎನ್ನುತ್ತಾರೆ. ಹಾಗೆಂದವರಲ್ಲಿ ಒಬ್ಬನೂ ಕ್ಯಾಬಿನ್ ಹತ್ತಿ ಬಂದು ಲಿವರ್ ಜಗ್ಗಿ ಕೊಡುತ್ತೇನೆ ಎಂದಿಲ್ಲ.

ಇದೇ ಕ್ಯಾಬಿನ್ನಿನಲ್ಲಿ ಮೊದಲು ನನ್ನ ಗಂಡ ಇದ್ದ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ, ವಾರದ ರಜೆಯ ದಿನ, ಊಟ ಮಾಡಿ ಒರಗಿದವನು ಏಳಲಿಲ್ಲ. ಎದೆನೋವು ಎಂದು ಹೇಳುವಷ್ಟು ಹೊತ್ತೂ ಸಿಗಲಿಲ್ಲ. ಮಾತಾಡಿಸಲು ಬಂದ ಹಿರಿಯರೊಬ್ಬರು, ರಜೆಯ ದಿನ ಹೋದದ್ದರಿಂದ ಒಂದು ಗಾಡಿಯೂ ತಡವಾಗಲಿಲ್ಲ, ಪುಣ್ಯವಂತ ಎಂದು ಮೆಚ್ಚಿಕೊಂಡರು. ಅವರನ್ನು ಎಬ್ಬಿಸಿ ಹೊರಗೆ ಹಾಕಬೇಕು ಎನ್ನಿಸಿತ್ತು. ಆದರೆ ಮನೆ ತುಂಬ ಜನರಿದ್ದರು.

ಆಮೇಲೆ ನನಗೆ ಅನುಕಂಪದ ನೌಕರಿ ಸಿಕ್ಕಿತು. ಇದರಲ್ಲಿ ಸಂಬಳ ತಿಂಗಳಿಗೊಮ್ಮೆ, ಅನುಕಂಪ ದಿನವೂ. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿದವಳು ಎಂದು ಯಾರಿಗೂ ನೆನಪಾಗಲಿಲ್ಲ, ಹೆಣ್ಣು ಎಂದು ಮಾತ್ರ ಎಲ್ಲರಿಗೂ ನೆನಪಿತ್ತು. ಲಿವರ್ ಜಗ್ಗುವುದನ್ನು ಕಲಿಸಿದವರು ಗಬ್ಬೂರಿನಿಂದ ಬೈಕಿನ ಮೇಲೆ ಬರುವ ಸಿಗ್ನಲ್ ಫಿಟ್ಟರ್ ಕಾಕಾ. “ಕೈಲೆ ಜಗ್ಗಬ್ಯಾಡ ಬೇಟಿ, ಮೈಲೆ ಜಗ್ಗು. ಒಂದ ಕಾಲ ಮುಂದ ಊರು, ಹಿಂದಕ್ಕ ಬೀಳೋರಂಗ ವಾಲು,” ಎಂದರು. ಮೊದಲ ವಾರ ನಾನು ನಿಜವಾಗಿಯೂ ಹಿಂದಕ್ಕೆ ಬಿದ್ದೆ. ಲಿವರಿನ ಹಿಡಿಕೆಯನ್ನು ಬರಿಗೈಯಲ್ಲಿ ಮುಟ್ಟಬಾರದು, ಅರಿವೆ ಸುತ್ತಿಯೇ ಹಿಡಿಯಬೇಕು. ಬೆವರು ತಾಗಿದರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆಯಂತೆ. ನಮ್ಮ ಕೈಗೆ ಏನು ಹಿಡಿಯುತ್ತದೆ ಎನ್ನುವುದು ಯಾವ ನಿಯಮದಲ್ಲೂ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ತಂತಿ ಹಿಗ್ಗಿ ಸಡಿಲಾಗುತ್ತದೆ, ಬೆಳಗಿನ ತಂಪಿಗೆ ಬಿಗಿಯುತ್ತದೆ. ಅದರ ಮರ್ಜಿ ನೋಡಿಕೊಂಡು ನಾವು ನಡೆಯಬೇಕು. ಅತ್ತೆಯ ಕೈಕೆಳಗೆ ಸಂಸಾರ ಮಾಡಿದವಳಿಗೆ ಇದೇನು ದೊಡ್ಡದಲ್ಲ.

ನಮ್ಮ ಸ್ಟೇಶನ್ ಮಾಸ್ತರರು ಬಹಳ ಒಳ್ಳೆಯವರು. ಅವರದು ತಾಯಿಕರುಳು, ಆ ಕರುಳು ಮಾತ್ರ ಸದಾ ನನ್ನ ನೌಕರಿಯನ್ನೇ ಸುತ್ತಿಕೊಂಡಿರುತ್ತಿತ್ತು. ನಾನು ಒಂದು ಸಲ ಏದುಸಿರು ಬಿಟ್ಟರೆ ಸಾಕು, ಕೆಳಗಿನ ಆಫೀಸಿನಿಂದ ಮೆಟ್ಟಿಲು ಹತ್ತಿ ಬರುತ್ತಿದ್ದರು.

“ನೋಡವಾ ತಂಗಿ, ಇದು ಗಂಡಸರ ಕೆಲಸ. ಹುಬ್ಬಳ್ಳಿ ಆಫೀಸಿನ್ಯಾಗ ಸಾಹೇಬರ ಬಾಗಲದಾಗ ಒಂದು ಸ್ಟೂಲ್ ಐತಿ. ಮ್ಯಾಲ ಫ್ಯಾನ್ ತಿರಗತಿರ್ತೈತಿ. ಬೆಲ್ ಹೊಡದ್ರ ಏಳೂದು, ಅಷ್ಟ ಕೆಲಸ.”

“ಬೆಲ್ ಹೊಡೀಲಿಲ್ಲ ಅಂದ್ರರಿ?”

“ಹೊಡಿಯೂ ತನಕಾ ಕುಂದರೂದು.”

ಇಷ್ಟು ಸುಖವನ್ನು ಬೇಡವೆನ್ನುವ ಹೆಣ್ಣು ಇರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ. ನನ್ನನ್ನು ಕೇಳದೆ ಮೇಲಿನವರಿಗೆ ಬರೆದೂಬಿಟ್ಟರು. ವಾರ್ಷಿಕ ತಪಾಸಣೆಗೆ ಬರುವ ದೊಡ್ಡ ಸಾಹೇಬರು ನನ್ನ ಕೆಲಸವನ್ನು ಕಣ್ಣಾರೆ ನೋಡಿ ತೀರ್ಮಾನಿಸುತ್ತಾರೆ ಎಂದು ಉತ್ತರ ಬಂತು. ಆಗುತ್ತದೆ ಎನ್ನಿಸಿದರೆ ಕ್ಯಾಬಿನ್, ಆಗುವುದಿಲ್ಲ ಎನ್ನಿಸಿದರೆ ಸ್ಟೂಲು.

ನನಗೆ ಕ್ಯಾಬಿನ್ ಬೇಕಿತ್ತು. ಇದನ್ನು ಸುತ್ತುಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಗಂಡ ಹೋದ ಮೇಲೆ ನನ್ನ ಮನೆಯಲ್ಲಿ ನನ್ನನ್ನು ಕೇಳಿ ಏನೂ ನಡೆಯುತ್ತಿರಲಿಲ್ಲ. ಟಿ.ವಿ. ಯಾವ ಗೋಡೆಗೆ ಎಂದು ಮೈದುನ ಹೇಳುತ್ತಿದ್ದ, ನಾನು ಯಾವ ಬಣ್ಣದ ಸೀರೆ ಉಡಬೇಕು ಎಂದು ಅತ್ತೆ ಹೇಳುತ್ತಿದ್ದರು, ಎಷ್ಟು ನಗಬಹುದು ಎಂದು ಓಣಿಯವರು ಹೇಳುತ್ತಿದ್ದರು. ಕ್ಯಾಬಿನ್ನಿನಲ್ಲಿ ಹಾಗಲ್ಲ. ಮಾಸ್ತರರು ಫೋನಿನಲ್ಲಿ ಹೇಳಿದ್ದನ್ನು ನಾನು ತಿರುಗಿ ಅಷ್ಟೇ ಸ್ಪಷ್ಟವಾಗಿ ಹೇಳಬೇಕು, ಹಳಿ ಖಾಲಿ ಇದೆಯೇ ಎಂದು ಕಣ್ಣಿನಿಂದ ನೋಡಬೇಕು, ಗಾಡಿ ಬರುವ ಕಡೆಗೆ ಹಳಿ ಕೂಡಿಸಿ ಕೀಲಿ ಹಾಕಬೇಕು, ಆಮೇಲೆ ಸಿಗ್ನಲ್ ಜಗ್ಗಬೇಕು. ಅಲ್ಲಿಯವರೆಗೆ ಅಷ್ಟು ದೊಡ್ಡ ಗಾಡಿ ಔಟರಿನಲ್ಲಿ ಕೈಕಟ್ಟಿ ನಿಂತಿರುತ್ತದೆ. ಮೊದಲ ಸಲ ನಾನು ಜಗ್ಗಿದ್ದಕ್ಕೆ ದೂರದಲ್ಲಿ ಆ ಕೆಂಪು ಕೈ ಬಾಗಿದಾಗ ಆದ ಸಂತೋಷವನ್ನು ಯಾರ ಮುಂದೆಯೂ ಹೇಳಲಿಲ್ಲ. ಹೊಸ ವಿಧವೆ ಅಷ್ಟು ಸಂತೋಷಪಡುವುದು ನಮ್ಮ ಓಣಿಗೆ ಒಗ್ಗುವುದಿಲ್ಲ.

ತಪಾಸಣೆ ಹತ್ತಿರ ಬಂತು. ತಪಾಸಣೆ ಎಂದರೆ ನಮ್ಮಲ್ಲಿ ಬಣ್ಣ. ವರ್ಷವಿಡೀ ಸೋರುವ ಛಾವಣಿಯನ್ನು ಯಾರೂ ಕೇಳುವುದಿಲ್ಲ, ಆದರೆ ಸಾಹೇಬರು ಬರುವ ದಿನ ಬೇವಿನ ಗಿಡದ ಬುಡಕ್ಕೂ ಸುಣ್ಣ ಬೀಳುತ್ತದೆ. ಬೆಂಚು, ಬಕೆಟ್ಟು, ಹೂವಿಲ್ಲದ ಹೂಕುಂಡ, ಯಾರೂ ಹೊಡೆಯದ ಗಂಟೆ, ಎಲ್ಲಕ್ಕೂ ಬಣ್ಣ. ಪ್ಲಾಟ್‌ಫಾರ್ಮಿನ ನಾಯಿ ಆ ದಿನಗಳಲ್ಲಿ ಊರೊಳಗೆ ಹೋಗಿಬಿಟ್ಟಿತ್ತು, ಬುದ್ಧಿಯುಳ್ಳ ನಾಯಿ. ಧಾರವಾಡದಿಂದ ಬಂದ ಪೇಂಟರನಿಗೆ ಮಾಸ್ತರರು ನನ್ನೆದುರೇ ತಾಕೀತು ಮಾಡಿದರು. “ಔಟರ್‌ನಿಂದ ಶುರು ಮಾಡು. ಒಂದೂ ಬಿಡಬ್ಯಾಡ. ಸಾಹೇಬರ ಕಣ್ಣಿಗೆ ತುಕ್ಕು ಬೀಳಬಾರದು.” ಪೇಂಟರ ಪ್ರಾಮಾಣಿಕ ಮನುಷ್ಯ. ತಪಾಸಣೆಯ ಹಿಂದಿನ ದಿನ ಕೊನೆಯ ಗಾಡಿ ಹೋದ ಮೇಲೆ ಬೆಳ್ಳಿ ಬಣ್ಣದ ಡಬ್ಬಿ ಹಿಡಿದು ಹಳಿಯ ಗುಂಟ ಹೋದ.

ಮರುದಿನ ಬೆಳಗ್ಗೆ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೆಲಗೇರಿ ಮೇಲೆ ಹಾದು ಬರುವ ಬಸ್ಸು ಹಿಡಿದು ಬಂದೆ. ಸಾಹೇಬರ ಸ್ಪೆಶಲ್ ಗಾಡಿಯೇ ಆ ದಿನದ ಮೊದಲ ಗಾಡಿ. ಧಾರವಾಡ ಬಿಟ್ಟಿತು ಎಂದು ಮಾಸ್ತರರ ಫೋನು ಬಂತು. ತಿರುಗಿ ಹೇಳಿದೆ. ಹಳಿ ಕೂಡಿಸಿದೆ, ಕೀಲಿ ಹಾಕಿದೆ, ಹತ್ತಿರದ ಸಿಗ್ನಲ್ ಜಗ್ಗಿದೆ, ಎಲ್ಲ ಸುಸೂತ್ರ. ಕೊನೆಗೆ ಔಟರಿನ ಲಿವರ್ ಹಿಡಿದು ಮೈ ವಾಲಿಸಿದೆ. ಬರಲಿಲ್ಲ. ಇನ್ನೊಮ್ಮೆ ವಾಲಿದೆ. ಲಿವರ್ ಒಂದಿಷ್ಟು ಮಿಸುಕಿ ಅಲ್ಲೇ ನಿಂತಿತು. ದೂರದಲ್ಲಿ ಇಂಜಿನ್ನು ಸೀಟಿ ಹಾಕಿತು, ಮತ್ತೆ ಹಾಕಿತು. ದೊಡ್ಡ ಸಾಹೇಬರು ನಮ್ಮ ಔಟರಿನಲ್ಲಿ ನಿಂತಿದ್ದರು. ನನ್ನ ಕಣ್ಣ ಮುಂದೆ ಸ್ಟೂಲು ಬಂತು, ಅದರ ಮೇಲಿನ ಫ್ಯಾನೂ ಬಂತು.

ಮಾಸ್ತರರು ಮೆಟ್ಟಿಲು ಹತ್ತಿ ಓಡಿ ಬಂದರು. ಅವರ ಮುಖದಲ್ಲಿ ಗಾಬರಿಗಿಂತ ಹೆಚ್ಚಾಗಿ, ನಾನು ಹೇಳಿರಲಿಲ್ಲವೇ ಎನ್ನುವ ತೃಪ್ತಿ ಇತ್ತು. “ಬಾಜೂಕ ಸರಿ ತಂಗಿ, ನೀ ಸರಿ,” ಎಂದು ಕೋಟಿನ ತೋಳು ಏರಿಸಿ ಜಗ್ಗಿದರು. ಬರಲಿಲ್ಲ. ತಪಾಸಣೆಗೆಂದು ಬಂದಿದ್ದ ಫಿಟ್ಟರ್ ಕಾಕಾನೂ ಕೈ ಹಚ್ಚಿದರು. ಇಬ್ಬರೂ ಕೂಡಿ ಜಗ್ಗಿದರೂ ಲಿವರ್ ಮರ್ಯಾದೆ ಕೊಡಲಿಲ್ಲ.

“ನಿನ್ನೆ ನೀ ಏನರ ಕೆಡಿಸೀಯೇನವಾ?” ಎಂದರು ಮಾಸ್ತರರು.

ನನಗೆ ಸಿಟ್ಟು ನೆತ್ತಿಗೇರಿತು. “ನಿಮಗೂ ಬರಲಿಲ್ಲಲ್ರಿ ಸರ್. ನಿಮಗೂ ಒಂದು ಸ್ಟೂಲ್ ಹೇಳೂಣೇನ್ರಿ?”

ಅಷ್ಟರಲ್ಲಿ ಶಾಭಾಸ್‌ಗಿರಿ ಪಡೆಯಲು ಪೇಂಟರ ಮೇಲೆ ಬಂದ. “ನೀವು ಹೇಳಿದಂಗ ಒಂದೂ ಬಿಟ್ಟಿಲ್ರಿ ಸರ,” ಎಂದ. “ತಂತಿ ಕೆಳಗಿನ ಗಾಲಿಗೂ ಎರಡೆರಡು ಕೈ ಹೊಡದೇನ್ರಿ. ಸ್ಟೇಶನ್ ಕಡೆ ಬರೂದ್ರಾಗ ಡಬ್ಬಿ ಮುಗೀತು, ಇಲ್ಲಾಂದ್ರ ಇಲ್ಲಿ ಗಾಲಿನೂ ಮುಗಸ್ತಿದ್ದೆ.”

ಕಾಕಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಎಣ್ಣೆ ಬಿಟ್ಟು ತಿರುಗಿಸಬೇಕಾದ ಗಾಲಿಗಳಿಗೆ ಬಣ್ಣ ಬಳಿದು, ಅದು ಒಣಗಿ, ತಂತಿಯೂ ಗಾಲಿಯೂ ಕೂಡಿ ಒಂದೇ ಆಗಿದ್ದವು. ತುಕ್ಕು ಮಾತ್ರ ಎಲ್ಲಿಯೂ ಇರಲಿಲ್ಲ. ಡಬ್ಬಿ ಮುಗಿಯದಿದ್ದರೆ ಸ್ಟೇಶನ್ನೇ ಬಂದ್ ಆಗುತ್ತಿತ್ತು. ಕಾಕಾ ಸೀಮೆಎಣ್ಣೆಯ ಬಾಟಲಿ, ಅರಿವೆ, ಒಂದು ಕೆರೆಯುವ ಪಟ್ಟಿ ಹಿಡಿದು ಹಳಿಯ ಗುಂಟ ಓಡಿದರು. ಮಾಸ್ತರರು ಪೇಂಟರನನ್ನು ಬೈಯಲು ಬಾಯಿ ತೆರೆದರು. ಅವರು ತಾಕೀತು ಮಾಡಿದಾಗ ನಾನು ಅಲ್ಲೇ ಇದ್ದೆನಲ್ಲ, ಮುಚ್ಚಿಕೊಂಡರು.

ಔಟರಿನಲ್ಲಿ ಕೂತು ಬೇಸತ್ತ ಸಾಹೇಬರು ಗಾಡಿಯಿಂದ ಇಳಿದಿದ್ದರು. ಏನಾಗಿದೆ ಎಂದು ನೋಡಲು ಸಿಗ್ನಲ್ ಕಂಬಕ್ಕೆ ಕೈಯೂರಿ ಮೇಲೆ ನೋಡಿದರಂತೆ. ಸಾಹೇಬರಿಗೆ ಮೊದಲು ಕಾಣುವ ಕಂಬವೆಂದು, ಡಬ್ಬಿಯ ತಳ ಕೆರೆದು ಪೇಂಟರ ಅದಕ್ಕೆ ಅದೇ ಬೆಳಗ್ಗೆ ಇನ್ನೊಂದು ಕೈ ಬಣ್ಣ ಹೊಡೆದಿದ್ದ. ಕ್ಯಾಬಿನ್ನಿನ ಕಿಟಕಿಯಿಂದ ನನಗೆ ಕಂಡದ್ದು ಇಷ್ಟು: ಕಾಕಾ ಒಂದೊಂದು ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೆರೆಯುತ್ತಿದ್ದರು, ಬಿಳಿ ಅಂಗಿಯ ಅಧಿಕಾರಿಗಳೆಲ್ಲ ಸಾಲಾಗಿ ನಿಂತು ಅದನ್ನು ತಪಾಸಣೆ ಮಾಡುತ್ತಿದ್ದರು. ಕೊನೆಯ ಗಾಲಿ ಮುಗಿಸಿ ಕಾಕಾ ಅರಿವೆ ಬೀಸಿದರು. ನಾನು ಕಾಲು ಊರಿ ಮೈ ವಾಲಿಸಿದೆ. ಲಿವರ್ ಬಂತು. ದೂರದಲ್ಲಿ ಕೈ ಬಾಗಿತು, ಗಾಡಿ ಒಳಗೆ ಬಂದು ನಿಂತಿತು.

ಸಾಹೇಬರು ನಡೆದೇ ಬಂದು ಕ್ಯಾಬಿನ್ ಹತ್ತಿದರು. ಬಲಗೈ ಬೆಳ್ಳಿಯ ಬಣ್ಣದ್ದಾಗಿತ್ತು, ಅಂಗಿಗೆ ತಾಗದಂತೆ ದೂರ ಹಿಡಿದುಕೊಂಡಿದ್ದರು. ನಮ್ಮ ಕಡೆಯವರೇ ಎಂದು ಮಾತು ಶುರುವಾದಾಗ ಗೊತ್ತಾಯಿತು.

“ಲಿವರ್ ಭಾರ ಅನಸಂಗಿಲ್ಲೇನ್ರಿ ಬಾಯಾರ?”

“ಭಾರ ಐತ್ರಿ,” ಎಂದೆ.

“ಅದಕ್ಕ ಸರ್ ನಾ ಬರದದ್ದು,” ಎಂದರು ಮಾಸ್ತರರು. “ಪಾಪ, ಹೆಣ್ಮಗಳು. ಆಫೀಸಿನ್ಯಾಗಾದ್ರ ನೆರಳಿನ್ಯಾಗ ಇರ್ತಾಳ.”

“ಹೌದ್ರಿ, ಹುಬ್ಬಳ್ಳ್ಯಾಗ ಹಗರ ಕೆಲಸ ಐತಿ. ಬರ್ತೀರೇನು?” ಎಂದು ಸಾಹೇಬರು ಕೇಳಿದರು. ಅಲ್ಲಿದ್ದವರೆಲ್ಲ ನನ್ನ ಕಡೆ ಅನುಕಂಪದಿಂದ ನೋಡಿದರು. ಹೂಂ ಎನ್ನಲಿ ಎಂದು ಕಾಯುತ್ತಿದ್ದರು.

ನಾನು ಹೇಳಿದೆ. “ಬ್ಯಾಡ್ರಿ ಸಾಹೇಬ್ರ. ಅಲ್ಲಿ ನೀವು ಬೆಲ್ ಹೊಡದ್ರ ನಾ ಏಳಬೇಕು. ಇಲ್ಲಿ ನಾ ಜಗ್ಗಲಿಲ್ಲ ಅಂದ್ರ ನೀವು ಔಟರ್‌ನ್ಯಾಗ ನಿಲ್ಲಬೇಕು.”

ಮಾಸ್ತರರು ಕಣ್ಣು ಮುಚ್ಚಿಕೊಂಡರು. ಸಾಹೇಬರು ತಮ್ಮ ಬೆಳ್ಳಿಯ ಕೈಯನ್ನು ತಿರುಗಿಸಿ ನೋಡಿಕೊಂಡರು. ಅದೇ ಹೊತ್ತಿಗೆ ಹೋಟೆಲಿನವನು ಚಹಾದ ತಾಟನ್ನು ಮೆಟ್ಟಿಲ ಮೇಲೆ ಇಟ್ಟು ಹೋದ. ಎಲ್ಲರ ಕಣ್ಣು ತಾನಾಗಿಯೇ ನನ್ನತ್ತ ತಿರುಗಿತು. ಗಂಡಸರ ಗುಂಪಿನಲ್ಲಿ ಚಹಾದ ತಾಟು ಮತ್ತು ಒಬ್ಬಳೇ ಹೆಣ್ಣು ಕೂಡಿದರೆ ಮುಂದಿನದನ್ನು ಯಾರೂ ಕಲಿಸಿಕೊಡಬೇಕಿಲ್ಲ.

“ತಂಗಿ, ಸಾಹೇಬರಿಗೆ ಚಹಾ ಕೊಡವಾ,” ಎಂದರು ಮಾಸ್ತರರು.

“ಗಾಡಿ ಹೊಂಡಾಕ ಲೈನ್ ಕೊಟ್ಟಾಗೇತ್ರಿ ಸರ್. ಅದು ಸ್ಟೇಶನ್ ದಾಟೂ ತನಕಾ ನಾ ಲಿವರ್ ಬಿಟ್ಟು ಸರಿಯಂಗಿಲ್ಲ. ನೀವ ಬರದು ಗ್ವಾಡಿಗೆ ಹಚ್ಚೀರಿ.”

ಗೋಡೆಯ ಮೇಲೆ ಆ ನಿಯಮ ಇತ್ತು, ಅದರ ಚೌಕಟ್ಟಿಗೂ ಹೊಸ ಬಣ್ಣ ಬಿದ್ದಿತ್ತು. ಸಾಹೇಬರು ಓದಿದರು. ಮಾಸ್ತರರು ಬಗ್ಗಿ ತಾಟನ್ನು ತಾವೇ ಎತ್ತಿಕೊಂಡು, ಬಂದವರಿಗೆಲ್ಲ ಒಂದೊಂದು ಕಪ್ಪು ಹಂಚಿದರು. ಸಾಹೇಬರು ಎಡಗೈಯಲ್ಲಿ ಚಹಾ ಕುಡಿದು ಕಪ್ಪನ್ನು ಮರಳಿ ತಾಟಿನಲ್ಲಿಟ್ಟರು.

“ಮಾಸ್ತರ್ರ, ಇವರನ್ನ ಇಲ್ಲಿಂದ ಅಲಗ್ಯಾಡಸಬ್ಯಾಡ್ರಿ,” ಎಂದು ಹೇಳಿ ಇಳಿದು ಹೋದರು. ತಾಟು ಹಿಡಿದುಕೊಂಡು ಮಾಸ್ತರರೂ ಹಿಂದೆ ಇಳಿದರು.

ಸ್ಪೆಶಲ್ ಗಾಡಿ ಹೊರಟಿತು. ಅದರ ಕೊನೆಯ ಡಬ್ಬಿ ದಾಟಿದ್ದನ್ನು ನೋಡಿ ಲಿವರುಗಳನ್ನು ಒಂದೊಂದಾಗಿ ಮೊದಲಿನ ಜಾಗಕ್ಕೆ ಹಾಕಿದೆ. ಆಮೇಲೆ ನೆಲದ ಮೇಲೆ ಕುಸಿದು ಕೂತೆ. ಗಂಡ ಹೋದಾಗ ನೋಡುವವರಿದ್ದರು ಎಂದು ಅತ್ತಿದ್ದೆ. ಈಗ ಯಾರೂ ಇರಲಿಲ್ಲ, ಅವನು ನಿಲ್ಲುತ್ತಿದ್ದ ಜಾಗದಲ್ಲಿ ಕೂತು ಸಾಕಾಗುವಷ್ಟು ಅತ್ತೆ. ದುಃಖ ಎಷ್ಟು, ಸಂತೋಷ ಎಷ್ಟು ಎಂದು ಬೇರೆ ಮಾಡಲು ಹೋಗಲಿಲ್ಲ.

ಕೆಳಗಿನಿಂದ ಮಾಸ್ತರರ ದನಿ ಬಂತು. “ತಂಗಿ, ನಿನ್ನ ಕಪ್ ಇಲ್ಲೇ ಉಳದೈತಿ. ಆರಾಕತ್ತೈತಿ ನೋಡು.”

“ತಗೊಂಡ ಬರ್ರಿ ಸರ್,” ಎಂದೆ.

ಆಮೇಲೆ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿಸಿತು, ಚಹಾ ತುಳುಕಬಾರದು ಎನ್ನುವಂತೆ ನಿಧಾನವಾಗಿ.