ಉಡಿಯಲ್ಲಿ ಬಿದ್ದ ಕಟ್ಟಿಗೆಯ ಪೇರಲ

ಆ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಯಜಮಾನರಿಗೆ ರೊಟ್ಟಿ ಪಲ್ಯದ ಡಬ್ಬಿ ಕಟ್ಟಿ ಕಳಿಸಿ, ಶೋಕೇಸು ಒರೆಸಲು ನಿಂತೆ. ಗೋಕಾಕದ ಮನೆಯೆಂದ ಮೇಲೆ ಶೋಕೇಸಿನಲ್ಲಿ ಬಣ್ಣದ ಕಟ್ಟಿಗೆಯ ಹಣ್ಣು ಇರಲೇಬೇಕು. ನಮ್ಮ ಪೇರಲ ಹಣ್ಣಿಗಂತೂ ಮಾಡಿದವರು ತೊಟ್ಟಿನ ಹತ್ತಿರ ಸಣ್ಣ ಕಂದು ಚುಕ್ಕೆಯನ್ನೂ ಇಟ್ಟಿದ್ದರು, ಗಿಳಿ ಕುಕ್ಕಿದ ಹಾಗೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಲೆಂದು ಅಡುಗೆಮನೆಯ ತಟ್ಟೆಯಲ್ಲಿಟ್ಟೆ. ಸಂತೆಯಿಂದ ತಂದ ಪೇರಲವೂ ಅದೇ ತಟ್ಟೆಯಲ್ಲಿತ್ತು.

ತಲೆ ಮಾತ್ರ ಪುಸ್ತಕದಲ್ಲಿತ್ತು. ತೊಂಬತ್ತರ ದಶಕದ ಕೊನೆಗೆ ನಮ್ಮ ಓಣಿಯ ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಕೂಡಿ ಓದಿದ್ದನ್ನು ಮಾತಾಡುತ್ತಿದ್ದೆವು. ಅದನ್ನು ನಡೆಸುತ್ತಿದ್ದ ನಿವೃತ್ತ ಶಿಕ್ಷಕಿ, ನಾನು ಹುಕ್ಕೇರಿಯವಳಾದರೂ ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳೆಂದು, ಒಂದು ಇಂಗ್ಲಿಷ್ ಕಾದಂಬರಿಯನ್ನು ನನ್ನ ಕೈಗಿತ್ತಿದ್ದರು. ಇದು ಆಧುನಿಕೋತ್ತರ ಸಾಹಿತ್ಯ, ಹಾಗೆಂದರೇನೆಂದು ನಮಗೆಲ್ಲ ಬಿಡಿಸಿ ಹೇಳಬೇಕು ಎಂದಿದ್ದರು. ಅಂದು ಮಧ್ಯಾಹ್ನವೇ ನನ್ನ ಪಾಳಿ. ಅರ್ಥವಾಗದ್ದನ್ನು ಅರ್ಥವಾದಂತೆ ಒಪ್ಪಿಸಿ ಬರುವುದಾದರೆ ಇನ್ನು ಅಲ್ಲಿಗೆ ಹೋಗುವುದೇ ಬೇಡವೆಂದು ನಿಶ್ಚಯಿಸಿದ್ದೆ.

ಕಾದಂಬರಿಯಲ್ಲಿ ಒಬ್ಬ ತಾಯಿಯ ಕೂಸು ಜ್ವರದಿಂದ ಸಾಯುತ್ತದೆ. ಅದಕ್ಕೆ ಒಂದು ಪುಟ ಮೊದಲು ಲೇಖಕನೇ ನಡುವೆ ಬಂದು, ಈ ತಾಯಿಯೂ ಇಲ್ಲ, ಕೂಸೂ ಇಲ್ಲ, ಈಗಷ್ಟೇ ಚಹಾ ಕುಡಿಯುತ್ತ ನಾನೇ ಮಾಡಿದ್ದು ಎನ್ನುತ್ತಾನೆ. ನನಗೆ ಸಿಟ್ಟು ಬಂತು. ಪುಟ ತಿರುವಿದರೆ ಅಳುವೂ ಬಂತು. ಸುಳ್ಳೆಂದು ಅವನೇ ಹೇಳಿದ ಮೇಲೂ ನಾನೇಕೆ ಅತ್ತೆ?

ಅಷ್ಟರಲ್ಲಿ, ನಮ್ಮಲ್ಲಿಗೆ ಬಂದಿದ್ದ ಯಜಮಾನರ ಸೋದರತ್ತೆ ಮೂಡಲಗಿಯ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಉಡಿ ತುಂಬದೆ ಮುತ್ತೈದೆಯನ್ನು ಕಳಿಸುವುದುಂಟೇ? ಅವರು ಸೆರಗೊಡ್ಡಿದರು. ಅಕ್ಕಿ, ಕೊಬ್ಬರಿ, ಖಣ ಹಾಕಿ, ತಟ್ಟೆಯಿಂದ ಒಂದು ಪೇರಲ ಎತ್ತಿ ಹಾಕಿದೆ. ಕೈಗೆ ಹಗುರವೆನಿಸಿ ನೋಡಿದರೆ, ಅಕ್ಕಿಯ ಮೇಲೆ ಗಿಳಿ ಕುಕ್ಕಿದ ಚುಕ್ಕೆ. ನಾಚಿಕೆಯಿಂದ ಬದಲಿಸಲು ಕೈ ಚಾಚಿದೆ. ಅವರು ಸೆರಗು ಮುಚ್ಚಿಕೊಂಡರು.

“ಉಡ್ಯಾಗ ಬಿದ್ದದ್ದು ತಿರುಗಿ ತಗಿಬಾರದವಾ. ಕಟಗೀದಂತ ನನಗೂ ಕಾಣತೈತಿ. ಇಲ್ಲಿ ಬಿದ್ದಮ್ಯಾಲ ಅದು ಹಣ್ಣ.”

ಸೆರಗಿಗೆ ಗಂಟು ಹಾಕಿ ನಡೆದೇ ಬಿಟ್ಟರು. ಮನೆಗೆ ಹೋಗಿ ಕೊಯ್ದು ತಿನ್ನಬೇಡಿರೆಂದು ಬಾಗಿಲಿನಿಂದ ಹೇಳಿದ್ದಕ್ಕೆ, ನನಗ ಹಲ್ಲರ ಎಲ್ಲಿ ಅದಾವು ಎಂದು ನಕ್ಕರು.

ಮಧ್ಯಾಹ್ನ ನಾನು ಟಿಪ್ಪಣಿ ಮಾಡಿಟ್ಟಿದ್ದ ವ್ಯಾಖ್ಯೆಗಳನ್ನು ಬಿಟ್ಟು ಬೆಳಗಿನ ಈ ಪೇರಲದ ಸಂಗತಿಯನ್ನೇ ಹೇಳಿದೆ. ಹಳೆಯ ಕಾದಂಬರಿಕಾರರು ಕಟ್ಟಿಗೆ ಕಾಣದಂತೆ ಬಣ್ಣ ಬಳಿಯುತ್ತಿದ್ದರು. ಈತ ಬಣ್ಣ ಕೆರೆದು ಕಟ್ಟಿಗೆ ತೋರಿಸಿ, ಈಗಲೂ ಸೆರಗಿಗೆ ಕಟ್ಟಿಕೊಳ್ಳುತ್ತೀರಾ ಎಂದು ಕೇಳುತ್ತಾನೆ. ನಾವು ಕಟ್ಟಿಕೊಳ್ಳುತ್ತೇವೆ. ನನಗೆ ತಿಳಿದದ್ದು ಇಷ್ಟು. ಹೆಂಗಸರು ನಕ್ಕರು. ಕಿರಾಣಿ ವ್ಯಾಪಾರದ ಜೈನರ ಮನೆಯ ಸೊಸೆಯೊಬ್ಬಳು, “ಹಂಗಾದ್ರ ಉಡ್ಯಾಗ ಕಲ್ಲ ಹಾಕಿದ್ರೂ ಹಣ್ಣೇನ್ರಿ?” ಎಂದಳು. ಖರೆ ಹೇಳಬೇಕೆಂದರೆ ಗೊತ್ತಿಲ್ಲ ಎಂದೆ. ಅದೇ ಪ್ರಶ್ನೆ ಹಿಡಿದು ಚಹಾ ಆರುವವರೆಗೂ ಅವರವರೇ ವಾದಿಸಿದರು. ಹೊರಡುವಾಗ ಶಿಕ್ಷಕಿ ಮುಂದಿನ ತಿಂಗಳ ಪುಸ್ತಕವನ್ನೂ ನನಗೇ ಕೊಟ್ಟರು. ನಾನು ಬೇಡವೆನ್ನಲಿಲ್ಲ.

ಸಂಜೆ ಬಾಜೂ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ತಟ್ಟೆಯಲ್ಲಿ ಸಂತೆಯ ಪೇರಲವಷ್ಟೇ ಉಳಿದಿತ್ತು. ಒಂದನ್ನು ಎತ್ತಿ, ತಿರುಗಿಸಿ ನೋಡಿ, ಮೂಸಿ, ಮತ್ತೆ ಇಟ್ಟಳು.

“ಎಷ್ಟ ಚಂದ ಅದಾವ್ರಿ ಹಣ್ಣ,” ಎಂದಳು. “ಥೇಟ್ ಕಟಗೀವು ಇದ್ದಂಗ.”