ಒಂದೇ ಲೆಕ್ಕ, ಎರಡು ಪ್ರೊಸೆಸರ್

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ರಾಯಚೂರಿನ ಒಂದು ಹತ್ತಿ ಸಂಶೋಧನಾ ಕಚೇರಿಯಲ್ಲಿ ಲೆಕ್ಕದ ಸಹಾಯಕಿಯಾಗಿದ್ದೆ. ಮಾನ್ವಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದೆ. ಹೊಲಗೆಲಸದ ಕೂಲಿ ಮಾಡುತ್ತಿದ್ದ ನಮ್ಮ ಮನೆತನದಲ್ಲಿ ಗಣಿತ ಓದಿ ಪದವಿ ಪಡೆದವಳು ನಾನೊಬ್ಬಳೇ.

ನನ್ನ ಮೇಲಧಿಕಾರಿ ಸಂಖ್ಯಾಶಾಸ್ತ್ರದವರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಪ್ರಯೋಗದ ಹೊಲಗಳಿಂದ ಬರುತ್ತಿದ್ದ ಹತ್ತಿಯ ತೂಕಗಳನ್ನು ಅವರು ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ಹಾಕಿ, ಯಾವ ತಳಿ ನಿಜಕ್ಕೂ ಮೇಲು ಎಂದು ಹೇಳುತ್ತಿದ್ದರು. ಒಂದು ಹಂಗಾಮಿನ ಲೆಕ್ಕಕ್ಕೆ ಅವರಿಗೆ ಎಂಟು ಹತ್ತು ದಿನ ಹಿಡಿಯುತ್ತಿತ್ತು.

ಈ ಸಂಗತಿ ನಡೆಯುವ ಹಿಂದಿನ ವರ್ಷ ನಮ್ಮಲ್ಲಿಗೆ ಮೊದಲ ಕಂಪ್ಯೂಟರ್ ಬಂದಿತ್ತು. ಅದರೊಳಗಿನ ಪ್ರೊಸೆಸರಿನ ಸಂಖ್ಯೆ 8088. ನಾನು ಪುಸ್ತಕ ನೋಡಿ ನೋಡಿ ಬೇಸಿಕ್ ಭಾಷೆಯಲ್ಲಿ ನಮ್ಮ ಲೆಕ್ಕದ ಪ್ರೋಗ್ರಾಂ ಬರೆದುಕೊಂಡಿದ್ದೆ. ಒಂದು ದಿನ ಹೈದರಾಬಾದಿನ ಮಾರಾಟಗಾರನೊಬ್ಬ 80286 ಇದ್ದ ಹೊಸ ಯಂತ್ರ ತಂದು ಪಕ್ಕದ ಮೇಜಿನ ಮೇಲಿಟ್ಟ. ಒಂದು ವಾರ ನೋಡಿ, ಬೇಕೆನಿಸಿದರೆ ಇಟ್ಟುಕೊಳ್ಳಿ ಎಂದ. ನಾನು ಆತುರದಿಂದ ನನ್ನ ಫ್ಲಾಪಿ ಹಾಕಿ ಓಡಿಸಿದೆ. ಚಹಾ ತರಲು ಹೋದವಳು ತಿರುಗಿ ಬರುವಷ್ಟರಲ್ಲಿ ಲೆಕ್ಕ ಮುಗಿದಿತ್ತು.

"ಸರ್, ಇದು ನಾಕು ಪಟ್ಟು ಜೋರ್ ಅದ ರೀ!" ಎಂದು ಕೂಗಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಒಂದ್ ಸಲ ಬೆಳದದ್ದು ನೋಡಿ ತಳಿ ಚಲೋ ಅಂತೀವೇನು, ತಂಗಿ? ಮೂರ್ ಸಲ ಓಡಸು. ಅದನ್ನೂ ಮೂರ್ ಸಲ, ಇದನ್ನೂ ಮೂರ್ ಸಲ."

ಹೊಲದ ಪ್ರಯೋಗಕ್ಕೆ ಇದ್ದ ಎಲ್ಲ ಕಟ್ಟುಪಾಡುಗಳನ್ನೂ ಅವರು ಆ ಎರಡು ಡಬ್ಬಿಗಳಿಗೆ ಹಾಕಿದರು. ಎರಡಕ್ಕೂ ಒಂದೇ ಫ್ಲಾಪಿ, ಅದೇ ಅಂಕಿಗಳು, ಕರೆಂಟು ಒಂದೇ ಸ್ಟೆಬಿಲೈಜರಿನಿಂದ. ಯಾವುದು ಮೊದಲು ಎಂಬುದಕ್ಕೆ ಆರು ಚೀಟಿ ಮಡಚಿ ಎತ್ತಿಸಿದರು. ಪ್ರಿಂಟರನ್ನು ಬಿಚ್ಚಿಡಲು ಹೇಳಿದರು. "ಬರಿಯೋ ಕೈ ಬ್ಯಾರೆ, ಲೆಕ್ಕ ಮಾಡೋ ತಲಿ ಬ್ಯಾರೆ. ನಾವು ನೋಡಬೇಕಾಗಿದ್ದು ತಲಿ" ಎಂದರು. ಹತ್ತಿರದ ಶಾಲೆಯ ಡ್ರಿಲ್ ಮಾಸ್ತರರಿಂದ ಸ್ಟಾಪ್‌ವಾಚ್ ತರಿಸಿ ತಾವೇ ಹಿಡಿದು ಕುಳಿತರು.

8088 ಹತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡು ತೆಗೆದುಕೊಂಡಿತು. 80286ಕ್ಕೆ ಐದು ನಿಮಿಷ ಎರಡು ಸೆಕೆಂಡು ಸಾಕಾಯಿತು. ನಾನು ಗೆದ್ದವಳಂತೆ ಅವರ ಮುಖ ನೋಡಿದೆ. ಅವರು ಮುಂದಿನ ಚೀಟಿ ಬಿಚ್ಚಿದರು.

ಹೊಸದಕ್ಕೆ ಎರಡನೆಯ ಸಲವೂ ಐದು ನಿಮಿಷ ಎರಡು ಸೆಕೆಂಡು. ಮತ್ತೆ ಹಳೆಯದರ ಸರದಿ: ಹತ್ತೊಂಬತ್ತು ನಲವತ್ತು. ಹೊಸದರ ಮೂರನೆಯ ಸಲ ಮುಳ್ಳು ಮತ್ತೆ ಅದೇ ಗೆರೆಯ ಮೇಲೆ ನಿಂತಾಗ ಅವರ ಹೆಬ್ಬೆರಳು ವಾಚಿನ ಗುಂಡಿಯ ಮೇಲೆಯೇ ಉಳಿಯಿತು.

"ಯವ್ವಾ," ಎಂದರು, ಬಹಳ ಸಣ್ಣ ದನಿಯಲ್ಲಿ. "ಇಷ್ಟು ವರ್ಷದಾಗ ಎರಡು ಮಡಿ ಒಂದೇ ಸಮ ಇಳುವರಿ ಕೊಟ್ಟದ್ದು ನಾ ನೋಡಿಲ್ಲ. ಒಂದಕ್ಕ ನೀರು ಹೆಚ್ಚಾಗ್ತದ, ಇನ್ನೊಂದಕ್ಕ ಹುಳ ಬೀಳ್ತದ. ಇವಕ್ಕ ಏನೂ ತಾಗೂದಿಲ್ಲೇನು?"

ಅಷ್ಟು ಹೊತ್ತೂ ನನ್ನ ಕಣ್ಣು ವೇಗದ ಮೇಲೆಯೇ ಇತ್ತು. ಅವರು ಹೇಳಿದ ಮೇಲೆ ನನಗೂ ಮೈ ಜುಮ್ಮೆಂದಿತು. ಲಕ್ಷಗಟ್ಟಲೆ ಗುಣಾಕಾರ, ಭಾಗಾಕಾರ ಮಾಡಿಯೂ ಅದಕ್ಕೆ ದಣಿವಿಲ್ಲ, ಒಂದು ಸೆಕೆಂಡಿನ ಹೆಚ್ಚುಕಡಿಮೆಯಿಲ್ಲ.

ಆಮೇಲೆ ಉತ್ತರಗಳನ್ನು ಅವರ ಕೈಬರಹದ ಹಾಳೆಗೆ ಹಿಡಿದು ನೋಡಿದೆ. ಒಂಬತ್ತು ದಿನ ಹಿಡಿಕೆ ತಿರುಗಿಸಿ ಅವರು ಬರೆದಿದ್ದ ಅಂಕಿ ಎರಡೂ ಯಂತ್ರಗಳ ಅಂಕಿಯೊಂದಿಗೆ ಕೊನೆಯ ದಶಾಂಶದವರೆಗೂ ಕೂಡಿತ್ತು. ಬೆರಗಾಗಲು ನನಗೆ ಇನ್ನೊಂದು ಕಾರಣ ಸಿಕ್ಕಿತು. ಹಾಗೆಂದು ಅವರಿಗೆ ಹೇಳಿದೆ. "ಅದಿರಲಿ" ಎಂದು ಮಾತು ತಳ್ಳಿಹಾಕಿದರಾದರೂ ಕಿವಿ ಕೆಂಪಾಗಿತ್ತು.

ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವರು ಉಗ್ರಾಣದಿಂದ ಹದಿನೈದು ವರ್ಷಗಳ ಹೊಲದ ಪುಸ್ತಕಗಳನ್ನು ತರಿಸಿ, ಧೂಳು ಝಾಡಿಸಿ ಜೋಡಿಸಿದ್ದರು. ಮೂರೂ ಊರಿನ ಎಲ್ಲ ಹಂಗಾಮುಗಳನ್ನು ಒಟ್ಟಿಗೆ ಲೆಕ್ಕಕ್ಕೆ ಹಾಕಬೇಕೆಂಬುದು ಅವರ ಬಹುಕಾಲದ ಆಸೆ. ಕೈಯಿಂದ ಮಾಡಿದರೆ ಆಯುಷ್ಯ ಸಾಲದೆಂದು ಬಿಟ್ಟಿದ್ದರಂತೆ.

ಹೊಸ ಯಂತ್ರವನ್ನು ಕಚೇರಿ ಉಳಿಸಿಕೊಂಡಿತು. ಅಂಕಿಗಳನ್ನು ಟೈಪು ಮಾಡಲು ನನಗೆ ಎರಡು ತಿಂಗಳು ಹಿಡಿಯಿತು. ಅವರು ಓದಿ ಹೇಳುವುದು, ನಾನು ಒತ್ತುವುದು. ಲೆಕ್ಕ ಮುಗಿಯಲು ಒಂದು ಮಧ್ಯಾಹ್ನ ಸಾಕಾಯಿತು. ಪ್ರಿಂಟರಿನಿಂದ ಹೊರಬಂದ ಉದ್ದನೆಯ ಹಾಳೆಯಲ್ಲಿ ಅವರ ಬೆರಳು ಒಂದು ಸಾಲಿನ ಹತ್ತಿರ ನಿಂತಿತು. ಮೂರೂ ಊರಿನ ಸರಾಸರಿಯಲ್ಲಿ ಸದಾ ಹಿಂದೆ ಬೀಳುತ್ತಿದ್ದುದಕ್ಕೆ ನಾವು ಕೈಬಿಡಬೇಕೆಂದಿದ್ದ ತಳಿಯೊಂದು ದೇವದುರ್ಗದ ಮಣ್ಣಿನಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷ ಎಲ್ಲಕ್ಕಿಂತ ಮುಂದಿತ್ತು.

"ಇಷ್ಟು ವರ್ಷ ಇದು ನಮ್ಮ ಕಣ್ಣಮುಂದೇ ಇತ್ತಲ್ಲವ್ವಾ" ಎಂದರು. ನಾನು ಹಾಳೆಯ ಇನ್ನೊಂದು ತುದಿ ಹಿಡಿದುಕೊಂಡು ನಿಂತಿದ್ದೆ. ಅವರು ಮತ್ತೆ ಮೊದಲ ಸಾಲಿನಿಂದ ಓದತೊಡಗಿದರು.